ಬಾವಿ ಮೀನಿನ ತಲೆ

ಖುದ್ದೂಸನ ಸೈಕಲ್ ಶಾಪಿನ ಗೋಡೆಯ ಮೊಳೆಯಲ್ಲಿ ಲಾರಿ ಟ್ಯೂಬೊಂದು ಗಾಳಿಯಿಲ್ಲದೆ ಒಂದು ವರ್ಷದಿಂದ ಜೋತುಬಿದ್ದಿತ್ತು. ಪಂಕ್ಚರ್ ಹಾಕಿಸಲು ಬಂದವರು, "ಏನ್ ಸಾಬ್ರೇ, ಅದನ್ನ ಮಾರ್ತೀರಾ?" ಎಂದು ಕೇಳಿದರೆ ಖುದ್ದೂಸ್ ತಲೆಯೆತ್ತದೆ, "ಅದು ನಂದಲ್ಲ" ಎನ್ನುತ್ತಿದ್ದ. ಮತ್ತೆ ಯಾರದು ಎಂದು ಕೇಳಿದವರಿಗೆ ಉತ್ತರ ಸಿಗುತ್ತಿರಲಿಲ್ಲ. ಆ ಟ್ಯೂಬು ಲಕ್ಕಣ್ಣನದು ಎಂಬುದು ಯಲಹಂಕ ಪೇಟೆಗೆಲ್ಲ ಗೊತ್ತಿತ್ತು. ಆದರೂ ಲಕ್ಕಣ್ಣನ ಹೆಸರು ಆ ಅಂಗಡಿಯೊಳಗೆ ಬಾಯಿಗೆ ಬಾರದೆ ಒಂದು ವರ್ಷವಾಗಿತ್ತು.

ಲಕ್ಕಣ್ಣ ಕೋಗಿಲಿನ ಬೇಸಾಯಗಾರ. ಇಬ್ಬರೂ ಒಟ್ಟಿಗೆ ನಾಲ್ಕನೆಯ ಕ್ಲಾಸಿನವರೆಗೆ ಓದಿ, ಇನ್ನು ಸಾಕೆಂದು ಒಟ್ಟಿಗೇ ಬಿಟ್ಟವರು. ಅಲ್ಲಿಂದಾಚೆಗೆ ಒಬ್ಬ ಎತ್ತಿನ ಹಿಂದೆ, ಒಬ್ಬ ಸೈಕಲ್ಲಿನ ಹಿಂದೆ. ಆದರೆ ಬೇಸಿಗೆಯ ಮಂಗಳವಾರಗಳು ಮಾತ್ರ ಇಬ್ಬರಿಗೂ ಸೇರಿದ್ದವು. ಮಂಗಳವಾರ ಅಂಗಡಿಗೆ ರಜೆ. ಬೆಳಕು ಹರಿಯುವ ಹೊತ್ತಿಗೆ ಎರಡು ಲಾರಿ ಟ್ಯೂಬುಗಳಿಗೆ ಗಾಳಿ ತುಂಬಿ, ನಡುವೆ ಬಿದಿರು ಬಿಗಿದು ತೆಪ್ಪ ಮಾಡಿಕೊಂಡು ಯಲಹಂಕ ಕೆರೆಗೆ ಇಳಿಯುತ್ತಿದ್ದರು. ಒಂದು ಟ್ಯೂಬು ಇವನದು, ಇನ್ನೊಂದು ಅವನದು. ಗಾಳಿ ಎರಡಕ್ಕೂ ಖುದ್ದೂಸನ ಅಂಗಡಿಯದು.

ಬೇಸಿಗೆಯಲ್ಲಿ ಮೀನು ಹಿಡಿಯುವುದು ದಡದಲ್ಲಿ ಕೂತು ಬೀಡಿ ಸೇದುವವರ ಕೆಲಸವಲ್ಲ. ಯುಗಾದಿ ಕಳೆಯಿತೆಂದರೆ ಕೆರೆಯ ಮೇಲಿನ ನೀರು ಸ್ನಾನದ ನೀರಿನ ಹಾಗೆ ಕಾದಿರುತ್ತದೆ. ಅಂಚಿನಲ್ಲಿ ಸಿಗುವುದು ಬೆರಳುದ್ದದ ಜಿಲೇಬಿ ಮೀನು, ಇಲ್ಲವೇ ಏಡಿ. ದೊಡ್ಡ ಬಾಳೆಮೀನು ತಂಪು ಹುಡುಕಿಕೊಂಡು ಆಳಕ್ಕೆ ಇಳಿದು, ಅಲ್ಲೇ ಬಿದ್ದುಕೊಂಡಿರುತ್ತದೆ. ಅದನ್ನು ಹಿಡಿಯಬೇಕೆಂದರೆ ದಾರಕ್ಕೆ ಸೈಕಲ್ಲಿನ ಹಳೆಯ ನಟ್ಟುಗಳನ್ನು ಕಟ್ಟಿ, ತಳ ಮುಟ್ಟುವವರೆಗೆ ಬಿಟ್ಟು, ಮುಟ್ಟಿದ ಮೇಲೆ ಒಂದು ಮೊಳ ಎತ್ತಿ ಹಿಡಿದು ಕಾಯಬೇಕು. ಸೆಕೆಯಲ್ಲಿ ಬಾಳೆಮೀನು ಯಾವುದನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಮಾವನ ಮನೆಗೆ ಬಂದ ಅಳಿಯನ ಹಾಗೆ, ತಟ್ಟೆ ತಂದು ಮುಂದಿಟ್ಟರೆ ಮಾತ್ರ ಬಾಯಿ ತೆರೆಯುತ್ತದೆ.

ಆ ಕೆರೆಯಲ್ಲಿ ಎಲ್ಲಕ್ಕಿಂತ ಆಳವಾದ ಜಾಗವೆಂದರೆ ಲಕ್ಕಣ್ಣನ ಮನೆಯ ಬಾವಿ. ಲಕ್ಕಣ್ಣನ ತಾಯಿ ಮುನಿಗಂಗಮ್ಮ ಮದುವೆಯಾಗಿ ಬಂದಾಗ ಅದು ಹೊಲದ ನಡುವೆ, ಸುತ್ತ ಕಲ್ಲು ಕಟ್ಟಿದ ಸಿಹಿನೀರಿನ ಬಾವಿಯಾಗಿತ್ತು. ಆಮೇಲೆ ಸರ್ಕಾರದವರು ಏರಿಯನ್ನು ಎತ್ತರಿಸಿದರು, ನೀರು ಹರಡಿಕೊಂಡಿತು, ಹೊಲವೂ ಬಾವಿಯೂ ಕೆರೆಯೊಳಗೆ ಹೋದವು. ಬಾವಿ ಮುಳುಗಿತೇ ಹೊರತು ಬಾವಿಯ ಹಕ್ಕು ಮುಳುಗಲಿಲ್ಲ. ಬಾವಿಯಲ್ಲಿ ಸಿಕ್ಕ ಮೀನಿನ ಮೈ ಯಾರಿಗಾದರೂ ಹೋಗಲಿ, ತಲೆ ಮಾತ್ರ ಮುನಿಗಂಗಮ್ಮನಿಗೆ ಹೋಗಬೇಕು. ಆ ಮನೆಯವರು ಜೊತೆಗಿಲ್ಲದೆ ಬಾವಿಗೆ ಗಾಳ ಬಿಡಬಾರದು. ಜಾಗ ಗೊತ್ತಿದ್ದ ಹೊರಗಿನವನು ಖುದ್ದೂಸ್ ಒಬ್ಬನೇ ಆದ್ದರಿಂದ ಈ ಕಾನೂನೆಲ್ಲ ಅವನೊಬ್ಬನಿಗೇ ಅನ್ವಯಿಸುತ್ತಿತ್ತು. ಅದನ್ನು ಅವನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸುತ್ತಿದ್ದ. ನಿಜ ಹೇಳಬೇಕೆಂದರೆ ನಮಾಜು ಒಮ್ಮೊಮ್ಮೆ ತಪ್ಪುತ್ತಿತ್ತು.

ನೀರಿನ ಮೇಲೆ ಬಾವಿಯ ಗುರುತು ಹಿಡಿಯುವುದಕ್ಕೆ ಖುದ್ದೂಸನ ಬಳಿ ಎರಡು ಲೆಕ್ಕಗಳಿದ್ದವು. ಒಂದು ಕಡೆ ತೂಬಿನ ಕಲ್ಲುಕಂಬವು ಎದುರು ದಡದ ಬಂಡೆಯ ನೇರಕ್ಕೆ ಬರಬೇಕು. ಇನ್ನೊಂದು ಕಡೆ ಪೇಟೆಯ ಮಸೀದಿಯ ಮಿನಾರು ಏರಿಯ ಮೇಲಿನ ಒಂಟಿ ಈಚಲುಮರದ ಹಿಂದೆ ಅಡಗಬೇಕು. ಎರಡೂ ಕೂಡಿದ ಕಡೆ ಬಾವಿ. ಲಕ್ಕಣ್ಣನ ಲೆಕ್ಕ ಬೇರೆ. ಹಳೆಯ ಬಾವಿದಾರಿಯ ದಿಣ್ಣೆ ಇನ್ನೂ ಅವನ ಹೊಲದಿಂದ ನೀರಿನವರೆಗೆ ಕಾಣುತ್ತಿತ್ತು. ಅದರ ನೆಟ್ಟಗೆ ನೋಡಿದರೆ ಅವನಿಗೆ ಸಾಕು. ಎಷ್ಟೋ ವರ್ಷ ಎರಡು ಲೆಕ್ಕವೂ ಒಂದೇ ಕಡೆ ಬರುತ್ತಿದ್ದವು.

ಕೆಟ್ಟದ್ದು ಎಪ್ಪತ್ತೆಂಟರ ಬೇಸಿಗೆಯ ಮೊದಲ ಮಂಗಳವಾರ. ಲಕ್ಕಣ್ಣ ಗುದ್ದಲಿಯಿಂದ ಕಾಲಿಗೆ ಏಟು ಮಾಡಿಕೊಂಡು ನೀರಿಗೆ ಇಳಿಯುವಂತಿರಲಿಲ್ಲ. ಖುದ್ದೂಸನ ಮಗಳು ಅಕ್ಬರಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿಗೆ ಒಳ್ಳೆಯ ಮೀನು ಬೇಕೆಂದು ಖುದ್ದೂಸ್ ತನ್ನ ಒಂದೇ ಟ್ಯೂಬಿನ ಮೇಲೆ ಹೋದ. ಲಕ್ಕಣ್ಣ ಜೊತೆಗಿಲ್ಲವೆಂದು, ಬಾವಿಯ ಗುರುತು ನೋಡಿಕೊಂಡು, ಬೇಕೆಂದೇ ತೂಬಿನ ಕಡೆಗೆ ಸರಿದು ಗಾಳ ಬಿಟ್ಟ. ದಾರ ಬಹಳ ಆಳಕ್ಕೆ ಹೋಯಿತು. ನೀರು ಹರಡುವುದಕ್ಕೆ ಮೊದಲು ಇಟ್ಟಿಗೆಯವರು ಮಣ್ಣು ತೆಗೆದ ಗುಂಡಿಗಳು ಅಲ್ಲಲ್ಲಿ ಇದ್ದವು, ಇದೂ ಅಂಥದ್ದೇ ಇರಬೇಕೆಂದುಕೊಂಡ. ತೋಳುದ್ದದ ಬಾಳೆಮೀನು ಬಂತು. ಅದರ ತಲೆಯ ಸಾರು ಅಕ್ಬರಿ ಉಂಡಳು.

ಇತ್ತ ಲಕ್ಕಣ್ಣ ಕಾಲಿಗೆ ಬಟ್ಟೆ ಸುತ್ತಿಕೊಂಡು ಹೊಲದ ಹುಣಸೆಮರದ ಕೆಳಗೆ ಕೂತು ಎಲ್ಲವನ್ನೂ ನೋಡಿದ್ದ. ಬಾವಿದಾರಿಯ ನೆಟ್ಟಗೆ ಟ್ಯೂಬು, ಟ್ಯೂಬಿನ ಮೇಲೆ ಖುದ್ದೂಸ್, ಖುದ್ದೂಸನ ಕೈಯಲ್ಲಿ ಮೀನು. ಖುಷಿಯಿಂದಲೇ ಮನೆಗೆ ಹೋಗಿ ತಾಯಿಗೆ ಹೇಳಿದ. ಮುನಿಗಂಗಮ್ಮ ಖಾರ ಅರೆದಿಟ್ಟು, ಬಾಗಿಲಲ್ಲಿ ಕೂತಳು. ಹೊತ್ತು ಮುಳುಗಿತು, ತಲೆ ಬರಲಿಲ್ಲ.

ಮಾರನೆಯ ದಿನ ಲಕ್ಕಣ್ಣ ಕುಂಟುತ್ತಾ ಅಂಗಡಿಗೆ ಬಂದ.

"ಬಾವಿ ಮೀನ್ ಇಡ್ಕಂಡು ತಲೆ ನುಂಗ್ಬುಟ್ಯಲ್ಲಲಾ. ನಮ್ಮವ್ವ ಕಾರ ಅರ್ದಿಟ್ಕಂಡು ಬಾಗ್ಲಲ್ಲೇ ಕುಂತಿದ್ಲು."

"ಬಾವಿ ಮೀನು ಅಂತ ಯಾರಂದಿದ್ದು? ಅದು ಇಟ್ಟಿಗೆ ಗುಂಡೀದು ಕಣೋ. ನೀನಿಲ್ದೆ ನಾನು ಬಾವಿಗೆ ಗಾಳ ಬಿಡ್ತೀನಾ?"

"ನೀನ್ ನಮ್ಮ್ ಬಾವಿದಾರಿ ನೆಟ್ಟಗೇ ಇದ್ದೆ. ಕಣ್ಣಾರೆ ನೋಡಿವ್ನಿ."

"ಮಿನಾರ್ ಮರದ ಹಿಂದೆ ಇರ್ಲಿಲ್ಲ. ನಾನೂ ಕಣ್ಣಾರೆ ನೋಡಿದೀನಿ."

"ಅಂಗಾದ್ರೆ ನಾನ್ ಏಳಿದ್ದು ಸುಳ್ಳಾ?"

"ಅಂದ್ರೆ ನಾನು ಕಳ್ಳನಾ?"

ಕಳ್ಳ ಎಂಬ ಮಾತು ಬಂದದ್ದು ಖುದ್ದೂಸನ ಬಾಯಿಂದಲೇ. ಲಕ್ಕಣ್ಣ ಅಲ್ಲವೆನ್ನಲಿಲ್ಲ. ಗಿರಾಕಿಗಳ ಎದುರಿಗೇ ಕುಂಟುತ್ತಾ ಹೊರಟುಹೋದ. ಅಲ್ಲವೆಂದು ಹೇಳದೆ ಹೋದದ್ದು ಖುದ್ದೂಸನಿಗೆ ಹೌದೆಂದದ್ದಕ್ಕಿಂತ ಹೆಚ್ಚು ಉರಿಯಿತು.

ಆಮೇಲೆ ರಂಜಾನಿಗೆ ಕೋಗಿಲಿಗೆ ಶೀರ್ ಖುರ್ಮಾ ಹೋಗಲಿಲ್ಲ, ಸಂಕ್ರಾಂತಿಗೆ ಅಲ್ಲಿಂದ ಎಳ್ಳು ಬರಲಿಲ್ಲ. ಲಕ್ಕಣ್ಣ ಸೈಕಲ್ಲಿಗೆ ಗಾಳಿ ಹೊಡೆಸಲು ಕೋಗಿಲು ಕ್ರಾಸಿನ ಹೊಸ ಅಂಗಡಿಗೆ ಹೋಗುತ್ತಾನೆಂದು ಯಾರೋ ಹೇಳಿದರು. ಅದೊಂದು ಮಾತು ಖುದ್ದೂಸನಿಗೆ ಬಹಳ ನೋವು ಮಾಡಿತು. ಅವನ ಹೆಂಡತಿ ಜಹೀರಾ ಎರಡು ಮೂರು ಸಲ ಹೇಳಿ ನೋಡಿದಳು. ಎಲ್ಲಿಂದಾದರೂ ಒಂದು ದೊಡ್ಡ ಮೀನಿನ ತಲೆ ತಂದು ಆ ಮುದುಕಿಗೆ ಕೊಟ್ಟು ಕೈಮುಗಿದು ಬಾರದೆ, ಇದೇನು ಗಂಡಸರ ಹಟ ಎಂದು ಅವಳ ವಾದ. ಖುದ್ದೂಸ್ ಒಪ್ಪಲಿಲ್ಲ. ತಪ್ಪು ಮಾಡದವನು ತಲೆ ಕೊಟ್ಟರೆ ಕದ್ದದ್ದು ನಿಜವೆಂದಾಗುತ್ತದೆ. ಹಾಗೆಂದು ಸುಮ್ಮನಿರುವುದಕ್ಕೂ ಅವನಿಂದ ಆಗಲಿಲ್ಲ. ಲಕ್ಕಣ್ಣನಿಲ್ಲದ ಬೇಸಿಗೆ ಇನ್ನೊಂದು ಬಂದೇಬಿಟ್ಟಿತ್ತು.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಬಾವಿಯ ಜಾಗಕ್ಕೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು, ಹಗ್ಗದ ಮೇಲ್ತುದಿಗೆ ಖಾಲಿ ಡಾಲ್ಡಾ ಡಬ್ಬ ಕಟ್ಟಿ ತೇಲಿಸುವುದು. ಬಾವಿ ಎಲ್ಲಿದೆ, ತಾನು ಹೋದ ವರ್ಷ ಎಲ್ಲಿದ್ದೆ ಎಂಬುದು ದಡದಿಂದಲೇ ಕಾಣಬೇಕು. ಲಕ್ಕಣ್ಣನ ಬಾವಿದಾರಿ ಡೊಂಕೋ, ತನ್ನ ಮಿನಾರು ಡೊಂಕೋ, ಊರೇ ಹೇಳಲಿ. ಉಪಾಯದಲ್ಲಿ ಬುದ್ಧಿಗಿಂತ ಸಿಟ್ಟೇ ಹೆಚ್ಚಿತ್ತು. ಮುಚ್ಚಿಟ್ಟ ಜಾಗವನ್ನು ಊರಿಗೆಲ್ಲ ತೋರಿಸಿದಂತಾಗುತ್ತದೆ ಎಂಬುದು ಅವನ ತಲೆಗೇ ಹೋಗಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಅವನು ಕಲ್ಲು, ಹಗ್ಗ, ಡಬ್ಬದ ಜೊತೆಗೆ ಅಭ್ಯಾಸಬಲದಿಂದ ಗಾಳವನ್ನೂ ಕೋಳಿಕರುಳನ್ನೂ ಇಟ್ಟುಕೊಂಡ. ಕೆಲಸ ಮುಗಿದ ಮೇಲೆ ಆಚೆ ದಡದಲ್ಲಿ ಏನಾದರೂ ಸಿಕ್ಕೀತು ಎಂದು. ಕೆರೆಯಲ್ಲಿ ಕೊಕ್ಕರೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೇಲೆ ಏರ್‌ಫೋರ್ಸಿನ ತರಬೇತಿ ವಿಮಾನವೊಂದು ಸುತ್ತು ಹಾಕುತ್ತಿತ್ತು. ಖುದ್ದೂಸ್ ಟ್ಯೂಬಿನ ಮೇಲೆ ಕೂತು ಕೈಯಲ್ಲೇ ಹುಟ್ಟು ಹಾಕಿಕೊಂಡು ಹೋದ. ಕಲ್ಲುಕಂಬ ಬಂಡೆಯ ನೇರಕ್ಕೆ ಬಂತು. ಮಿನಾರು ಈಚಲುಮರದ ಹಿಂದೆ ಸರಿದು ಅಡಗಿತು. ಬಿಸ್ಮಿಲ್ಲಾ ಎಂದು ಕಲ್ಲು ಬಿಟ್ಟ.

ಹಗ್ಗ ಒಂದಾಳುದ್ದ ಇಳಿದು ಸಡಿಲವಾಯಿತು.

ಕಲ್ಲು ಎಲ್ಲೋ ಸಿಕ್ಕಿಕೊಂಡಿರಬೇಕೆಂದು ಎತ್ತಿ ಮತ್ತೆ ಬಿಟ್ಟ. ಮತ್ತೆ ಒಂದಾಳು. ಮೇಲೆಳೆದು ನೋಡಿದರೆ ಕಲ್ಲಿನ ತುಂಬ ಮೆತ್ತನೆಯ ಕೆಸರು. ಬಾವಿ ಇಲ್ಲ. ಖುದ್ದೂಸ್ ಗುರುತುಗಳನ್ನು ಮತ್ತೊಮ್ಮೆ ನೋಡಿದ. ಎಲ್ಲವೂ ಸರಿಯಾಗಿಯೇ ಇದ್ದವು. ಇಷ್ಟು ದೊಡ್ಡ ಬಾವಿ ಎಲ್ಲಿ ಹೋಗುತ್ತದೆ? ಒಂದು ವರ್ಷದಲ್ಲಿ ಹೂಳು ತುಂಬಿಕೊಂಡಿತೇ? ಕಲ್ಲನ್ನು ನೀರೊಳಗೆ ತೂಗಾಡಿಸುತ್ತಾ ಅಲ್ಲಿಂದಿಲ್ಲಿಗೆ ತಳ ಮುಟ್ಟಿಸಿಕೊಂಡು ಹುಡುಕಿದ. ಕೆಸರು, ಕೆಸರು, ಬರೀ ಕೆಸರು. ತೂಬಿನ ಕಡೆಗೆ ಸ್ವಲ್ಪ ಸರಿದು ಬಿಟ್ಟಾಗ ಹಗ್ಗ ಅವನ ಅಂಗೈಯನ್ನು ಸುಡುತ್ತಾ ಸರಸರನೆ ಇಳಿಯಿತು. ಡಬ್ಬ ಕೈತಪ್ಪಿ ನೀರಿಗೆ ಬಿತ್ತು. ಹಗ್ಗದ ಮೂಲಕ ಕೈಗೆ ಬಂದದ್ದು ಕಲ್ಲಿಗೆ ಕಲ್ಲು ಉಜ್ಜಿದ ಗರಗರ. ಮಣ್ಣು ತೆಗೆದ ಗುಂಡಿಗೆ ಸುತ್ತ ಕಲ್ಲು ಕಟ್ಟುವವರು ಯಾರೂ ಇಲ್ಲ. ಅದು ಬಾವಿಯೇ. ಹೋದ ವರ್ಷ ಅವನು ಅಕ್ಬರಿಗೆಂದು ಗಾಳ ಬಿಟ್ಟದ್ದೂ ಅಲ್ಲೇ.

ಖುದ್ದೂಸ್ ಹಗ್ಗವನ್ನು ಟ್ಯೂಬಿಗೆ ಸುತ್ತಿ, ಮಿನಾರಿನ ಕಡೆಗೆ ತಿರುಗಿ ಕೂತ. ಈಗ ಮಿನಾರು ಈಚಲುಮರದ ಎಡಕ್ಕೆ, ಚೆನ್ನಾಗಿ ಹೊರಗೆ ಕಾಣುತ್ತಿತ್ತು. ಮರದ ಹಿಂದೆ ಅಡಗಿದ್ದದ್ದು ಮಸೀದಿ ಅಂಗಳದ ಮೂಲೆಯ ಬೇವಿನಮರ. ಅದನ್ನು ನೋಡುತ್ತಾ ಕೂತವನಿಗೆ ನೆನಪಾಯಿತು. ಹಳೆಯ ಮಿನಾರು ಇದ್ದದ್ದು ಆ ಬೇವಿನಮರದ ಪಕ್ಕದಲ್ಲಿ. ಎಪ್ಪತ್ತೇಳರ ದೀಪಾವಳಿ ಮಳೆಗೆ ಅದು ಬಿರುಕುಬಿಟ್ಟಿತ್ತು. ಕಮಿಟಿಯವರು ಅದನ್ನು ಕೆಡವಿ, ಅದೇ ಜಾಗದಲ್ಲಿ ಹೊಸದನ್ನು ಕಟ್ಟೋಣವೆಂದಿದ್ದರು. ಬೇಡ, ಗೇಟಿನ ಕಡೆಗೆ ಕಟ್ಟಿದರೆ ಬಸ್‌ಸ್ಟ್ಯಾಂಡಿನಿಂದಲೂ ಕಾಣುತ್ತದೆ ಎಂದು ಮೇಜು ಗುದ್ದಿ ವಾದ ಮಾಡಿದವನು ಖುದ್ದೂಸ್. ಗೆದ್ದವನೂ ಅವನೇ. ಇಟ್ಟಿಗೆ ಹೊತ್ತದ್ದೂ ಅವನೇ. ಅಂಗಳದಲ್ಲಿ ಆ ಮೂಲೆಯಿಂದ ಈ ಮೂಲೆಗೆ ಸರಿದ ಮಿನಾರು ಕೆರೆಯ ಮೇಲೆ ಗುರುತನ್ನೂ ಸರಿಸಿಬಿಡುತ್ತದೆ ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಮಿನಾರು ಎಂದರೆ ಮಿನಾರು. ಅದು ಇದ್ದಲ್ಲೇ ಇರುತ್ತದೆ ಎಂದುಕೊಂಡಿದ್ದ.

ಬಾವಿಯಿಂದ ದೂರ ಸರಿಯುತ್ತೇನೆಂದು ಸರಿದು, ನೇರ ಬಾವಿಯ ಮೇಲೆಯೇ ಹೋಗಿ ಕೂತಿದ್ದ. ಲಕ್ಕಣ್ಣ ಕಂಡದ್ದು ಕಂಡ ಹಾಗೆ ಹೇಳಿದ್ದ. ಒಂದು ವರ್ಷ ಹೊತ್ತು ತಿರುಗಿದ ಸಿಟ್ಟನ್ನು ಇನ್ನು ಎಲ್ಲಿ ಇಳಿಸುವುದೆಂದು ಖುದ್ದೂಸನಿಗೆ ತಿಳಿಯಲಿಲ್ಲ. ಯಾರೂ ನೋಡಿಲ್ಲ, ಕಲ್ಲು ಎತ್ತಿಕೊಂಡು ಮನೆಗೆ ಹೋಗಿಬಿಡಬಹುದು ಎಂಬುದೂ ಮನಸ್ಸಿಗೆ ಬಂತು. ಜೊತೆಗೇ ಖಾರ ಅರೆದಿಟ್ಟುಕೊಂಡು ಬಾಗಿಲಲ್ಲಿ ಕೂತ ಮುನಿಗಂಗಮ್ಮನೂ ಬಂದಳು. ಅವನಿಗೆ ನಾಚಿಕೆಯಾಯಿತು. ಕೆರೆಯ ನಡುವೆ, ನೋಡುವವರು ಯಾರೂ ಇಲ್ಲದ ಕಡೆ, ಕಿವಿಯವರೆಗೆ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಇನ್ನು ತಲೆ ಕೊಡಲೇಬೇಕು. ಅದೂ ಬಾವಿಯದೇ ಆಗಬೇಕು, ಪೇಟೆಯ ಮೀನಿನದಲ್ಲ. ಲಕ್ಕಣ್ಣನಿಲ್ಲದೆ ಬಾವಿಗೆ ಗಾಳ ಬಿಡುವಂತಿಲ್ಲ, ಲಕ್ಕಣ್ಣ ಕರೆದರೆ ಬರುವುದಿಲ್ಲ. ಹೇಗೂ ಒಂದು ಸಲ ಮುರಿದಾಗಿದೆ, ತುಂಬಿಕೊಡುವುದಕ್ಕೆ ಇನ್ನೊಂದು ಸಲ ಮುರಿಯದೆ ದಾರಿಯಿಲ್ಲವೆಂದು ಖುದ್ದೂಸ್ ಕೊಕ್ಕೆಗೆ ಕರುಳು ಸಿಕ್ಕಿಸಿ ಬಿಟ್ಟ. ನಟ್ಟುಗಳು ಇಳಿದವು, ಇಳಿದವು, ತಳ ಮುಟ್ಟಿದವು. ಒಂದು ಮೊಳ ಎತ್ತಿ ಹಿಡಿದ.

ಬಿಸಿಲೇರಿತು. ಟ್ಯೂಬಿನ ರಬ್ಬರು ತೊಡೆಗೆ ಕಾಯತೊಡಗಿತು. ಆಗಾಗ ಬೊಗಸೆಯಲ್ಲಿ ನೀರೆತ್ತಿ ಅದರ ಮೇಲೆ ಹಾಕಿಕೊಳ್ಳುತ್ತಾ ಕೂತಿದ್ದಾಗ ಕೋಗಿಲಿನ ದಡದಿಂದ ಒಂದು ಕೂಗು ಬಂತು. ಎತ್ತುಗಳಿಗೆ ನೀರು ಕುಡಿಸಲು ಬಂದ ಲಕ್ಕಣ್ಣ ಬಾವಿದಾರಿಯ ದಿಣ್ಣೆಯ ಮೇಲೆ ನಿಂತಿದ್ದ.

"ಏಯ್! ಇವತ್ತೂ ಅಲ್ಲೇ ಕುಂತಿದ್ಯೇನಲಾ? ಈ ಸಲ ಡಬ್ಬ ಬೇರೆ ಕಟ್ಟಿದ್ಯಾ? ಊರೋರ್ಗೆಲ್ಲ ತೋರ್ಸಾಕಾ?"

ಖುದ್ದೂಸ್ ಉತ್ತರ ಕೊಡಲು ಬಾಯಿ ತೆರೆದ. ಅದೇ ಹೊತ್ತಿಗೆ ದಾರ ಕೈಯಲ್ಲಿ ಭಾರವಾಯಿತು. ಬಾಳೆಮೀನು ಮೊದಲು ಜಗ್ಗುವುದಿಲ್ಲ, ಸುಮ್ಮನೆ ಬಾಯಲ್ಲಿಟ್ಟುಕೊಂಡು ತೂಗುತ್ತದೆ. ಖುದ್ದೂಸ್ ಉಸಿರು ಬಿಗಿಹಿಡಿದು ಎಣಿಸಿ, ಎಳೆದು ಕೊಕ್ಕೆ ಕಚ್ಚಿಸಿದ. ಕೆಳಗೆ ಏನೋ ಹೊರಳಿತು. ದಾರ ಬೆರಳು ಕೊಯ್ಯುತ್ತಾ ಹೋಯಿತು, ಟ್ಯೂಬು ಅವನನ್ನು ಕೂರಿಸಿಕೊಂಡೇ ಗಿರ್ರನೆ ತಿರುಗಿತು.

"ಯಾಕ್ಲಾ, ಬಾಯಿ ಬಿದ್ದೋಯ್ತಾ? ಮಾತಾಡ್ಲಾ!" ಲಕ್ಕಣ್ಣ ದಡದಲ್ಲಿ ಆಚೆಗೂ ಈಚೆಗೂ ಓಡಾಡುತ್ತಾ ಕೂಗುತ್ತಿದ್ದ. ಮೀನು ಸಿಕ್ಕಿದೆ ಎಂಬುದು ಅವನಿಗೆ ಕಂಡಿತ್ತು. ಕಂಡಷ್ಟೂ ಅವನ ಬೈಗುಳ ಏರಿತು.

ಮೀನು ಬಾವಿಯೊಳಗೆ ಸುತ್ತು ಹಾಕಿ ಕಲ್ಲಿನ ಹಗ್ಗಕ್ಕೆ ಸುತ್ತಿಕೊಳ್ಳಲು ಹೊರಟಿತು. ಹಾಗಾದರೆ ದಾರ ಹಗ್ಗಕ್ಕೆ ಸಿಕ್ಕಿ ಕಿತ್ತುಹೋಗುವುದು ಖಂಡಿತ. ಖುದ್ದೂಸ್ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೊಂಟದ ಚಾಕು ತೆಗೆದು ಹಗ್ಗವನ್ನೇ ಕೊಯ್ದ. ಕಲ್ಲು ಬಾವಿಯ ತಳಕ್ಕೆ ಹೋಯಿತು. ಟ್ಯೂಬಿನ ಸುತ್ತು ಬಿಚ್ಚಿಕೊಂಡು ಡಾಲ್ಡಾ ಡಬ್ಬ ಗಾಳಿಗೆ ತೇಲುತ್ತಾ ಕೋಗಿಲಿನ ದಡದ ಕಡೆಗೆ ಹೊರಟಿತು. ಆಮೇಲೆ ಎಳೆಯುವುದು, ಬಿಡುವುದು, ಎಳೆಯುವುದು. ತಣ್ಣೀರಿನಿಂದ ಬಿಸಿನೀರಿಗೆ ಬಂದ ಮೇಲೆ ಮೀನಿನ ಸೊಕ್ಕು ಇಳಿಯಿತು. ಅದರ ಅಗಲವಾದ ಬಾಯಿ ನೀರಿನ ಮೇಲೆ ಕಂಡಾಗ ದಡದ ಬೈಗುಳ ಒಮ್ಮೆಗೇ ನಿಂತಿತು. ಕಿವಿರಿಗೆ ಬೆರಳು ಹಾಕಿ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಖುದ್ದೂಸ್ ಪೇಟೆಯ ಕಡೆಗೆ ಹೋಗದೆ ಲಕ್ಕಣ್ಣನ ದಡಕ್ಕೆ ಟ್ಯೂಬು ತಿರುಗಿಸಿದ.

ಲಕ್ಕಣ್ಣ ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದರಲ್ಲಿ ಡಾಲ್ಡಾ ಡಬ್ಬ ಹಿಡಿದು ನಿಂತಿದ್ದ. ಖುದ್ದೂಸ್ ಮೊಣಕಾಲು ನೀರಿನಲ್ಲಿ ನಿಂತು ಮೀನನ್ನು ದಿಣ್ಣೆಯ ಮೇಲೆ ಇಟ್ಟ.

"ಬಾವೀದು" ಎಂದ. "ಹೋದ್ ವರ್ಷದ್ದೂ ಬಾವೀದೇ ಲಕ್ಕಣ್ಣ. ನೀನು ಹೇಳಿದ್ದು ಸರಿ."

ಲಕ್ಕಣ್ಣ ಇದನ್ನು ಎದುರು ನೋಡಿರಲಿಲ್ಲ. ಜಗಳಕ್ಕೆ ತಯಾರಾಗಿ ಬಂದವನಿಗೆ ಎದುರಾಳಿ ಕೈಚೆಲ್ಲಿದರೆ ಕಷ್ಟ. "ಮತ್ತೆ ಅವತ್ತು ಯಾಕೆ ಅಲ್ಲ ಅಂದೆ?" ಎಂದ, ಸ್ವಲ್ಪ ಸಣ್ಣ ದನಿಯಲ್ಲಿ.

"ಮಿನಾರ್ ನೋಡ್ಕೊಂಡು ಅಂದೆ. ಹಳೇ ಮಿನಾರ್ ಬೇವಿನಮರದ ಹತ್ರ ಇತ್ತಲ್ಲ, ಹೊಸದನ್ನ ಗೇಟಿನ ಹತ್ರ ಕಟ್ಟಿದ್ವಿ. ಗುರುತೇ ಸರಿದುಹೋಗಿದೆ. ನಂಗೆ ಇವತ್ತು ಗೊತ್ತಾಯ್ತು, ಅಲ್ಲಾನಾಣೆ."

ಲಕ್ಕಣ್ಣ ಪೇಟೆಯ ಕಡೆಗೆ ಬಹಳ ಹೊತ್ತು ನೋಡಿದ. "ಗೇಟಿನತ್ರ ಕಟ್ಸಿ ಅಂದೋರು ಯಾರು?"

"ನಾನೇ."

ಲಕ್ಕಣ್ಣನ ಮೀಸೆಯ ಕೆಳಗೆ ನಗು ಬಂದು, ಅಲ್ಲೇ ತಡೆದು ನಿಂತಿತು. "ನಂಗೇನ್ ಏಳ್ತೀಯ? ಕಾರ ಅರ್ದಿಟ್ಕಂಡು ಕುಂತಿದ್ದೋಳು ನಾನಲ್ಲ. ಅವ್ವುಂಗೆ ಏಳು, ನಡಿ" ಎಂದು ಎತ್ತುಗಳನ್ನು ತಿರುಗಿಸಿಕೊಂಡು ಮುಂದೆ ಹೊರಟ. ಖುದ್ದೂಸ್ ಒದ್ದೆ ಬಟ್ಟೆಯಲ್ಲೇ, ಮೀನನ್ನು ಹೆಗಲಿಗೆ ಹಾಕಿಕೊಂಡು ಬಾವಿದಾರಿಯ ಮೇಲೆ ಅವನ ಹಿಂದೆ ನಡೆದ.

ಮುನಿಗಂಗಮ್ಮ ಜಗುಲಿಯ ಮೇಲೆ ಅವರೆಬೀಜ ಆರಿಸುತ್ತಿದ್ದಳು. ಖುದ್ದೂಸ್ ಮಿನಾರು, ಈಚಲುಮರ, ಬೇವಿನಮರ ಎಂದು ಶುರುಮಾಡಿದ.

"ಆ ಮರ ಈ ಮರ ಎಲ್ಲ ನಂಗ್ಯಾಕೆ?" ಎಂದು ಅವಳು ಮೊರ ಪಕ್ಕಕ್ಕಿಟ್ಟಳು. "ತಲೆ ತಂದಿದ್ಯಾ, ಇಲ್ವಾ? ಅದ್ನೇಳು."

"ತಂದಿದೀನಿ ಅವ್ವಾ. ಬೇಜಾರ್ ಮಾಡ್ಕೋಬೇಡ. ನಂದೇ ತಪ್ಪು."

"ಬೇಜಾರಾಗಿತ್ತು" ಎಂದಳು ಮುನಿಗಂಗಮ್ಮ. "ತಲೆಗಲ್ಲ. ನೀನು ವರ್ಷಾನ್ಗಟ್ಲೆ ಈ ಬಾಗ್ಲಿಗೆ ಬರ್ಲಿಲ್ವಲ್ಲ, ಅದುಕ್ಕೆ."

ಖುದ್ದೂಸ್ ಸೊಂಟದ ಚಾಕು ತೆಗೆದ. ಅಂಗಳದ ಕಲ್ಲಿನ ಮೇಲೆ ಮೀನಿಟ್ಟು, ತಲೆಯನ್ನು ಕೊಯ್ದು, ಅವಳು ತಂದ ಮಣ್ಣಿನ ಕುಡಿಕೆಗೆ ಎರಡೂ ಕೈಯಲ್ಲಿ ಇಳಿಸಿದ. ಮುನಿಗಂಗಮ್ಮ ಅದನ್ನು ಬಗ್ಗಿ ನೋಡಿ, ಗೇಣು ಹಾಕಿ ಅಳೆದು, ತಲೆದೂಗಿದಳು.

"ಸರಿ. ಓದ್ ವರ್ಷದ್ದು ಬಂತು" ಎಂದಳು. "ಈ ವರ್ಷದ್ದೆಲ್ಲಿ?"

ಲಕ್ಕಣ್ಣ ಡಾಲ್ಡಾ ಡಬ್ಬವನ್ನು ತೊಲೆಯ ಮೇಲೆ ಎಸೆದು, ಎತ್ತಿನ ಹಗ್ಗ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿ ಹೇಳಿದ: "ಬರೋ ಮಂಗ್ಳಾರ ನನ್ ಟ್ಯೂಬ್ಗೂ ಗಾಳಿ ಒಡ್ದಿರು."

ರಜೆಯ ದಿನವಾದರೂ ಅಂದು ಸಂಜೆ ಸೈಕಲ್ ಶಾಪಿನ ಬಾಗಿಲು ಅರ್ಧ ತೆರೆದಿತ್ತು. ಖುದ್ದೂಸ್ ಮೊಳೆಯಿಂದ ಟ್ಯೂಬು ಇಳಿಸಿ, ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಅದ್ದಿ ತಿರುಗಿಸುತ್ತಿದ್ದ. ವರ್ಷವೆಲ್ಲ ಮಡಿಚಿಕೊಂಡಿದ್ದ ಕಡೆ ರಬ್ಬರು ಬಿರಿದು ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಆ ಜಾಗ ಉಜ್ಜಿ, ಸಲ್ಯೂಷನ್ ಹಚ್ಚಿ ಊದುತ್ತಾ ಕೂತಿದ್ದಾಗ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಯಾರೋ ಬಾಗಿಲಲ್ಲಿ ಇಣುಕಿದರು.

"ರಜಾ ದಿನಾನೂ ಕೆಲ್ಸನಾ ಸಾಬ್ರೇ? ಯಾರ ಟ್ಯೂಬ್ ಅದು?"

"ಲಕ್ಕಣ್ಣಂದು" ಎಂದ ಖುದ್ದೂಸ್.